ಪಳೆಯುಳಿಕೆಗೆ ಅಂಟಿದ ಕಲ್ಲು: ಬಿಡಿಸೋದು ಹೇಗೆ, ಬಿಡೋದು ಯಾವಾಗ

ನನ್ನ ಮೇಜಿನ ಮೇಲೆ ಒಂದು ಪುಟ್ಟ ಗಾಜಿನ ಬಾಟಲಿ ಇದೆ. ಅದರೊಳಗೆ ಒಂದು ಚಿಟಿಕೆ ಬೂದು ಪುಡಿ, ಜತೆಗೆ ಉಗುರಿನಷ್ಟು ಅಗಲದ ಚಿಪ್ಪಿನ ಚೂರು. ಒಂದು ಕಾಲಕ್ಕೆ ಅದು ಇಡೀ ಚಿಪ್ಪಾಗಿತ್ತು. ಕೋಟ್ಯಂತರ ವರ್ಷ ನೆಲದಡಿ ಹಾಗೇ ಉಳಿದಿದ್ದ ಪಳೆಯುಳಿಕೆ. ನನ್ನ ಕೈಗೆ ಸಿಕ್ಕಿ ಮೂರೇ ದಿನಕ್ಕೆ ಹಾಳಾಯಿತು.

ಆದದ್ದಿಷ್ಟೇ. ಚಿಪ್ಪಿನ ಮೇಲೆ ಬಿಳಿ ಹಕ್ಕಳೆ ಗಟ್ಟಿಯಾಗಿ ಕೂತಿತ್ತು. ಬ್ರಷ್‌ಗೆ ಜಗ್ಗಲಿಲ್ಲ, ಸೂಜಿಗೂ ಜಗ್ಗಲಿಲ್ಲ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರ ವಿನಿಗರ್‌ಗೆ ಬಿಡುತ್ತೆ ಅಲ್ವಾ, ಇದೂ ಬಿಡುತ್ತೆ ಅಂದುಕೊಂಡೆ. ಡಬ್ಬಿ ತುಂಬ ವಿನಿಗರ್ ಸುರಿದು, ಚಿಪ್ಪನ್ನು ಮುಳುಗಿಸಿ, ಮರೆತುಬಿಟ್ಟೆ. ಎರಡು ದಿನ ಬಿಟ್ಟು ನೋಡಿದರೆ ಹಕ್ಕಳೆ ಪೂರ್ತಿ ಹೋಗಿತ್ತು. ಚಿಪ್ಪೂ ಹೋಗಿತ್ತು.

ವಿನಿಗರ್ ತನ್ನ ಕೆಲಸ ಸರಿಯಾಗೇ ಮಾಡಿತ್ತು. ಹಕ್ಕಳೆ ಕ್ಯಾಲ್ಸೈಟ್, ಅಂದರೆ ಸುಣ್ಣದ ಕಲ್ಲಿನ ಖನಿಜ. ಚಿಪ್ಪು ಕೂಡ ಕ್ಯಾಲ್ಸೈಟ್. ಯಾವುದು ಕಸ, ಯಾವುದು ಪಳೆಯುಳಿಕೆ ಅಂತ ಆಸಿಡ್‌ಗೆ ಹೇಗೆ ಗೊತ್ತಾಗಬೇಕು? ಅದು ನೋಡುವುದು ಖನಿಜವನ್ನು ಮಾತ್ರ. "ಈ ಕಲ್ಲನ್ನು ಯಾವುದರಿಂದ ತೆಗೆಯಲಿ" ಅನ್ನುವುದಕ್ಕೆ ಮೊದಲು ನಾನು ಕೇಳಬೇಕಿದ್ದ ಪ್ರಶ್ನೆ ಬೇರೆ. ಮೇಲೆ ಕೂತಿರುವುದು ಏನು, ಕೆಳಗಿರುವುದು ಏನು, ಎರಡಕ್ಕೂ ಏನು ವ್ಯತ್ಯಾಸ? ಪಳೆಯುಳಿಕೆ ಸ್ವಚ್ಛ ಮಾಡುವ ಎಲ್ಲ ವಿಧಾನಗಳೂ ಆ ವ್ಯತ್ಯಾಸವನ್ನೇ ನಂಬಿಕೊಂಡಿವೆ. ಒಂದು ಕರಗಬೇಕು, ಇನ್ನೊಂದು ಕರಗಬಾರದು. ಒಂದು ಮೆತ್ತಗಿರಬೇಕು, ಇನ್ನೊಂದು ಗಟ್ಟಿಯಿರಬೇಕು. ವ್ಯತ್ಯಾಸವೇ ಇಲ್ಲದಿದ್ದರೆ ಯಾವ ಬಾಟಲಿಯೂ ಕೆಲಸಕ್ಕೆ ಬರುವುದಿಲ್ಲ.

ಇದು ಕೊಳೆ ಅಲ್ಲ

ಈ ಪದರ ಯಾಕಿಷ್ಟು ಹಟಮಾರಿ ಅನ್ನುವುದಕ್ಕೆ ಉತ್ತರ ಅದು ಹುಟ್ಟಿದ ರೀತಿಯಲ್ಲೇ ಇದೆ. ಸತ್ತ ಪ್ರಾಣಿ ಮಣ್ಣಿನಡಿ ಸೇರುತ್ತದೆ. ಅಂತರ್ಜಲ ಅದರ ಸುತ್ತ, ಅದರೊಳಗೆ ಹರಿಯುತ್ತಲೇ ಇರುತ್ತದೆ. ಆ ನೀರಿನಲ್ಲಿ ಸುಣ್ಣ, ಸಿಲಿಕಾ, ಕಬ್ಬಿಣ ಕರಗಿರುತ್ತವೆ. ಮೂಳೆಯ ರಂಧ್ರಗಳಲ್ಲಿ ಅವು ಹರಳುಗಟ್ಟಿದಾಗ ಮೂಳೆ ಕಲ್ಲಿನಂತಾಗುತ್ತದೆ. ಅದೇ ನೀರು ಮೂಳೆಯ ಹೊರಗೂ ಹರಳು ಕಟ್ಟುತ್ತದೆ. ಹೀಗಾಗಿ ಒಳಗೆ ತುಂಬಿದ ಖನಿಜ, ಹೊರಗೆ ಅಂಟಿದ ಖನಿಜ ಎಷ್ಟೋ ಸಲ ಒಂದೇ. ಪಳೆಯುಳಿಕೆಯನ್ನು ಉಳಿಸಿಕೊಟ್ಟದ್ದನ್ನೇ ನಾವು ಕಸ ಅನ್ನುತ್ತಿರುತ್ತೇವೆ.

ಸಾಮಾನ್ಯವಾಗಿ ಎದುರಾಗುವವು ನಾಲ್ಕೈದು ಮಾತ್ರ. ಬಿಳಿ ಅಥವಾ ಬೂದು ಬಣ್ಣದ ಕ್ಯಾಲ್ಸೈಟ್. ಗಾಜಿನ ಹಾಗೆ ಗಟ್ಟಿಯಾದ ಸಿಲಿಕಾ, ಅಂದರೆ ಬೆಣಚುಕಲ್ಲಿನ ಜಾತಿ. ಕೆಂಪು, ಕಂದು, ಹಳದಿ ಬಣ್ಣದ ಕಬ್ಬಿಣದ ತುಕ್ಕು. ಕಪ್ಪು ಕಲೆಯಾಗಿ, ಕೆಲವೊಮ್ಮೆ ಜರೀಗಿಡದ ಎಲೆಯಂತೆ ಹರಡುವ ಮ್ಯಾಂಗನೀಸ್. ಉಗುರಿನಿಂದ ಕೆರೆದರೆ ಪುಡಿಯಾಗುವ ಜಿಪ್ಸಮ್. ಇವುಗಳ ಜತೆ ಹಿತ್ತಾಳೆಯಂತೆ ಹೊಳೆಯುವ ಪೈರೈಟ್ ಒಂದಿದೆ. ಅದರ ಕತೆಯೇ ಬೇರೆ, ಆಮೇಲೆ ಹೇಳುತ್ತೇನೆ.

ಗುರುತಿಸಲು ಲ್ಯಾಬ್ ಬೇಕಿಲ್ಲ. ಮೋಸ್ ಗಟ್ಟಿತನದ ಅಳತೆಯಲ್ಲಿ (1 ಅಂದರೆ ತೀರಾ ಮೆದು, 10 ಅಂದರೆ ತೀರಾ ಗಟ್ಟಿ) ಜಿಪ್ಸಮ್‌ಗೆ 2, ನಮ್ಮ ಉಗುರಿಗೆ ಸುಮಾರು 2.5, ಕ್ಯಾಲ್ಸೈಟ್‌ಗೆ 3, ಮೂಳೆಯ ಖನಿಜ ಅಪಟೈಟ್‌ಗೆ 5, ಚಾಕುವಿನ ಉಕ್ಕಿಗೆ ಸುಮಾರು 5.5, ಬೆಣಚುಕಲ್ಲಿಗೆ 7. ಉಗುರಿಗೆ ಗೀರು ಬಿದ್ದರೆ ಜಿಪ್ಸಮ್. ಚಾಕುವಿಗೆ ಸುಲಭವಾಗಿ ಬಿದ್ದರೆ ಕ್ಯಾಲ್ಸೈಟ್ ಇರಬಹುದು. ಚಾಕುವಿನ ಗುರುತೇ ಕಲ್ಲಿನ ಮೇಲೆ ಪೆನ್ಸಿಲ್ ಗೆರೆಯಂತೆ ಕೂತರೆ ಸಿಲಿಕಾ. ಇನ್ನೊಂದು ಪರೀಕ್ಷೆ ಆಸಿಡ್‌ನದು. ಪದರದಿಂದ ಒಂದು ಹರಳು ಉದುರಿಸಿ, ಪುಡಿ ಮಾಡಿ, ಒಂದು ಹನಿ ವಿನಿಗರ್ ಬಿಡಿ. ನೊರೆ ಬಂದರೆ ಕ್ಯಾಲ್ಸೈಟ್. ಕ್ಯಾಲ್ಸೈಟ್‌ನ ಹತ್ತಿರದ ನಂಟ ಡಾಲಮೈಟ್ ಅನ್ನುವ ಖನಿಜ ಆದರೆ ನಿಧಾನಕ್ಕೆ, ಮನಸ್ಸಿಲ್ಲದ ಹಾಗೆ ಗುಳ್ಳೆ ಬರುತ್ತದೆ. ಸಿಲಿಕಾ ಸುಮ್ನೆ ಕೂತಿರುತ್ತದೆ. ಈ ಪರೀಕ್ಷೆ ಉದುರಿದ ಚೂರಿನ ಮೇಲೆ ಮಾತ್ರ. ಪಳೆಯುಳಿಕೆಯ ಮೇಲೆ ಹನಿ ಹಾಕಿ ನೋಡುವವರಿದ್ದಾರೆ, ದಯವಿಟ್ಟು ಬೇಡ.

ಕೆಳಗಿರುವುದು ಏನು ಅನ್ನುವುದು ಇಷ್ಟು ಸಲೀಸಲ್ಲ. ಮೂಳೆ, ಹಲ್ಲು, ಮೀನಿನ ಹುರುಪೆ ಇದ್ದರೆ ಹೆಚ್ಚಾಗಿ ಅಪಟೈಟ್, ಅದು ಕ್ಯಾಲ್ಸಿಯಂ ಫಾಸ್ಫೇಟ್. ಚಿಪ್ಪು, ಹವಳ, ಟ್ರೈಲೊಬೈಟ್ (ಈಗ ಅಳಿದುಹೋಗಿರುವ, ಕವಚವಿದ್ದ ಸಮುದ್ರಜೀವಿ) ಇದ್ದರೆ ಬಹುಪಾಲು ಕ್ಯಾಲ್ಸೈಟ್. ಕಲ್ಲಾದ ಮರ ಸಾಮಾನ್ಯವಾಗಿ ಸಿಲಿಕಾ. ಆದರೆ ಚಿಪ್ಪಿನ ಜಾಗವನ್ನು ಪೂರ್ತಿ ಸಿಲಿಕಾ ಅಥವಾ ಪೈರೈಟ್ ಆಕ್ರಮಿಸಿಕೊಂಡಿರುವುದೂ ಉಂಟು. ಆಕಾರ ನೋಡಿ ಖನಿಜ ಹೇಳಲು ಹೋದರೆ ಮೋಸ ಹೋಗುತ್ತೀರಿ.

ವಿನಿಗರ್ ಗೆದ್ದ ಜಾಗ

ಸುಣ್ಣದ ಕಲ್ಲಿನೊಳಗೆ ಮೂಳೆ ಇದ್ದರೆ ಅದು ಅದೃಷ್ಟದ ಜೋಡಿ. ವಿನಿಗರ್‌ನಲ್ಲಿರುವ ಅಸಿಟಿಕ್ ಆಸಿಡ್ ಕ್ಯಾಲ್ಸೈಟನ್ನು ಬೇಗ ಕರಗಿಸುತ್ತದೆ, ಅಪಟೈಟನ್ನು ತೀರಾ ನಿಧಾನವಾಗಿ. ಈ ವೇಗದ ವ್ಯತ್ಯಾಸವನ್ನು ಒಂದು ವಿಧಾನವಾಗಿ ರೂಪಿಸಿದವರು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಹ್ಯಾರಿ ಟೂಂಬ್ಸ್. ಅವರು ಇದನ್ನು 1948ರಲ್ಲಿ ಪ್ರಕಟಿಸಿದರು. ಅಲ್ಲಿಯವರೆಗೆ ಉಳಿಯಿಂದ ಕೆತ್ತಿ ಕೆತ್ತಿ ಒಂದು ಬದಿ ಮಾತ್ರ ನೋಡಲು ಸಿಗುತ್ತಿದ್ದ ಮೂಳೆಗಳು, ಕಲ್ಲು ಕರಗಿ ಇಡಿಯಾಗಿ ಹೊರಬರತೊಡಗಿದವು.

ಇದರ ತಾಕತ್ತು ಗೊತ್ತಾಗಬೇಕಾದರೆ ಪಶ್ಚಿಮ ಆಸ್ಟ್ರೇಲಿಯಾದ ಗೋಗೋ ಮೀನುಗಳನ್ನು ನೋಡಬೇಕು. ಸುಮಾರು 38 ಕೋಟಿ ವರ್ಷ ಹಿಂದಿನ ಹವಳದ ದಿಬ್ಬದ ಮೀನುಗಳವು. ಸುಣ್ಣದ ಉಂಡೆಗಳೊಳಗೆ ಸಿಕ್ಕಿಕೊಂಡಿದ್ದರಿಂದ ಚಪ್ಪಟೆಯಾಗದೆ ಉಳಿದಿವೆ. ಆ ಉಂಡೆಗಳನ್ನು ತೆಳು ಆಸಿಡ್‌ನಲ್ಲಿಟ್ಟು ಕಲ್ಲನ್ನು ಸ್ವಲ್ಪ ಸ್ವಲ್ಪವೇ ಕರಗಿಸುತ್ತಾರೆ. ಅಂಥ ಒಂದು ಮೀನಿನಲ್ಲಿ ಪಳೆಯುಳಿಕೆ ವಿಜ್ಞಾನಿ ಜಾನ್ ಲಾಂಗ್ ಮತ್ತು ಜತೆಗಾರರಿಗೆ ಹೊಟ್ಟೆಯೊಳಗಿನ ಮರಿ ಕಂಡಿತು. ಮರಿಗೆ ಅಂಟಿದ ಹೊಕ್ಕುಳಬಳ್ಳಿಯೂ ಖನಿಜವಾಗಿ ಉಳಿದಿತ್ತು. 2008ರಲ್ಲಿ ಅದಕ್ಕೆ ಮೆಟರ್‌ಪಿಸಿಸ್ ಎಂದು ಹೆಸರಿಟ್ಟರು, "ತಾಯಿ ಮೀನು" ಎಂದು ಅರ್ಥ. ಉಳಿ ಹಿಡಿದು ಆ ಬಳ್ಳಿಯನ್ನು ಹುಡುಕಲು ಹೋಗಿದ್ದರೆ ಮೊದಲ ಏಟಿಗೇ ಪುಡಿಯಾಗುತ್ತಿತ್ತು.

ಹಾಗಂತ ವಿನಿಗರ್ ಬಾಟಲಿ ತೆಗೆದುಕೊಂಡು ಕೂರುವ ಮೊದಲು ಕೆಲಸದ ಒಳಗುಟ್ಟು ಕೇಳಿ. ಆಸಿಡ್ ಸಾಮಾನ್ಯವಾಗಿ 5ರಿಂದ 10 ಶೇಕಡಾ ಮಾತ್ರ. ಅದಕ್ಕೆ ಮೊದಲೇ ಕ್ಯಾಲ್ಸಿಯಂ ಫಾಸ್ಫೇಟ್ ಬೆರೆಸಿರುತ್ತಾರೆ. ಇದೊಂದು ಜಾಣತನ. ಉಪ್ಪು ಕರಗಿ ಕರಗಿ ಇನ್ನು ಸಾಕು ಅನ್ನುವ ಹಂತಕ್ಕೆ ಬಂದ ನೀರಿಗೆ ಮತ್ತೆ ಉಪ್ಪು ಹಾಕಿದರೆ ತಳದಲ್ಲೇ ಉಳಿಯುತ್ತದೆ ಅಲ್ವಾ? ಹಾಗೇ ಇಲ್ಲೂ. ಆಸಿಡ್‌ಗೆ ಫಾಸ್ಫೇಟ್ ಮೊದಲೇ ಉಣಿಸಿಟ್ಟರೆ ಅದು ಮೂಳೆಯ ಕಡೆ ತಿರುಗಿ ನೋಡುವುದು ಕಡಿಮೆ.

ಆಮೇಲೆ ಸುತ್ತು ಶುರು. ಕೆಲವು ಗಂಟೆಯಿಂದ ಒಂದೆರಡು ದಿನ ಆಸಿಡ್. ಹೊರಗೆ ತೆಗೆದು ಶುದ್ಧ ನೀರು. ನೀರಿನಲ್ಲಿಡುವ ಹೊತ್ತು ಆಸಿಡ್‌ನಲ್ಲಿಟ್ಟ ಹೊತ್ತಿನ ಎರಡು ಮೂರು ಪಟ್ಟು. ಒಣಗಿಸಿ, ಹೊಸದಾಗಿ ಕಂಡ ಮೂಳೆಯ ಮೇಲೆ ಅಸಿಟೋನ್‌ನಲ್ಲಿ ಕರಗಿಸಿದ ಪ್ಯಾರಲಾಯ್ಡ್ ಬಿ-72 ಅನ್ನುವ ರಾಳವನ್ನು ತೆಳ್ಳಗೆ ಬಳಿಯಬೇಕು. ಅದು ಒಣಗಿದ ಮೇಲೆ ಮತ್ತೆ ಆಸಿಡ್. ಒಂದು ತಲೆಬುರುಡೆ ಹೊರಬರಲು ಹೀಗೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ಜನ ಎಡವುವುದು ತೊಳೆಯುವಲ್ಲಿ. ಆಸಿಡ್ ಮತ್ತು ಸುಣ್ಣ ಸೇರಿದರೆ ಕ್ಯಾಲ್ಸಿಯಂ ಅಸಿಟೇಟ್ ಎಂಬ ಉಪ್ಪಾಗುತ್ತದೆ. ಅದು ಮೂಳೆಯ ಸಣ್ಣ ಸಣ್ಣ ರಂಧ್ರಗಳಲ್ಲಿ ಉಳಿದುಬಿಟ್ಟರೆ ಒಣಗುವಾಗ ಬಿಳಿ ಹರಳಾಗಿ ಬೆಳೆದು ಮೂಳೆಯನ್ನು ಒಳಗಿನಿಂದ ಸೀಳುತ್ತದೆ. "ಅಡುಗೆ ಸೋಡಾ ಹಾಕಿದರೆ ಆಸಿಡ್ ಸತ್ತುಹೋಗುತ್ತೆ" ಅನ್ನುವ ಸಲಹೆ ಎಲ್ಲೆಡೆ ಕೇಳುತ್ತದೆ. ಆಸಿಡ್ ಸಾಯುತ್ತದೆ ನಿಜ, ಆದರೆ ಇನ್ನೊಂದು ಉಪ್ಪು ಒಳಗೆ ಸೇರಿಕೊಳ್ಳುತ್ತದೆ. ರಂಧ್ರದೊಳಗೆ ಎದ್ದ ಗುಳ್ಳೆಗಳೂ ಮೆದು ಮೂಳೆಯನ್ನು ಒಡೆಯಬಲ್ಲವು. ನೀರು ಬದಲಾಯಿಸುತ್ತಾ ಕಾಯುವುದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಇನ್ನೊಂದು ಅದೃಷ್ಟದ ಜೋಡಿ ಅಂದರೆ ಸುಣ್ಣದ ಕಲ್ಲಿನೊಳಗಿನ ಸಿಲಿಕಾ ಚಿಪ್ಪು. ಅಮೆರಿಕದ ಟೆಕ್ಸಸ್‌ನ ಗ್ಲಾಸ್ ಮೌಂಟನ್ಸ್‌ನಲ್ಲಿ ಪರ್ಮಿಯನ್ ಕಾಲದ, ಅಂದರೆ ಸುಮಾರು 25ರಿಂದ 30 ಕೋಟಿ ವರ್ಷ ಹಿಂದಿನ ಚಿಪ್ಪುಗಳು ಹೀಗಿವೆ. ಸ್ಮಿತ್‌ಸೋನಿಯನ್ ಸಂಸ್ಥೆಯ ಆರ್ಥರ್ ಕೂಪರ್ ಅಲ್ಲಿನ ದೊಡ್ಡ ದೊಡ್ಡ ಬಂಡೆಗಳನ್ನೇ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಕರಗಿಸಿದರು. ಸಿಲಿಕಾಗೆ ಆ ಆಸಿಡ್ ಏನೂ ಮಾಡದು. ತೊಟ್ಟಿಯ ತಳದಲ್ಲಿ ಕೂದಲೆಳೆಯಂಥ ಮುಳ್ಳುಗಳ ಸಮೇತ ಚಿಪ್ಪುಗಳು ಸಿಕ್ಕವು. ಅಂದರೆ ಅದೇ ಆಕಾರದ ಚಿಪ್ಪು, ಅದೇ ಸುಣ್ಣದ ಕಲ್ಲು. ನನ್ನದು ಕರಗಿತು, ಅವರದು ಉಳಿಯಿತು.

ತುಕ್ಕು, ಮತ್ತು ಮೂತ್ರಪಿಂಡದ ಕಲ್ಲು

ಕೆಂಪು ಕಲೆ ಕಂಡ ತಕ್ಷಣ ಹಲವರು ಆಕ್ಸಾಲಿಕ್ ಆಸಿಡ್ ಹೆಸರು ಹೇಳುತ್ತಾರೆ. ಹರಳು ಸಂಗ್ರಹಿಸುವವರು ಬೆಣಚುಕಲ್ಲಿನ ತುಕ್ಕು ತೆಗೆಯಲು ಬಳಸುವುದು ಅದನ್ನೇ. ಅಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಸಿಲಿಕಾ ಆಗಿರುವ ಮರಕ್ಕೂ ನಡೆಯುತ್ತದೆ. ಆದರೆ ಮೂಳೆ, ಚಿಪ್ಪು ಅಂದರೆ ಕ್ಯಾಲ್ಸಿಯಂ. ಆಕ್ಸಾಲಿಕ್ ಆಸಿಡ್ ಕ್ಯಾಲ್ಸಿಯಂ ಜತೆ ಸೇರಿದರೆ ಕ್ಯಾಲ್ಸಿಯಂ ಆಕ್ಸಲೇಟ್ ಆಗುತ್ತದೆ. ಅದು ನೀರಿಗೆ ಕರಗುವುದೇ ಇಲ್ಲ ಅನ್ನಬೇಕು. ಮನುಷ್ಯರ ಕಿಡ್ನಿಯಲ್ಲಿ ಆಗುವ ಕಲ್ಲುಗಳಲ್ಲಿ ಹೆಚ್ಚಿನವು ಇದೇ ವಸ್ತುವಿನವು. ಕೆಂಪು ಕಲೆ ತೆಗೆಯಲು ಹೋಗಿ ಪಳೆಯುಳಿಕೆಯ ಮೇಲೆ ಕಿಡ್ನಿ ಸ್ಟೋನ್ ಬೆಳೆಸಿದಂತಾಗುತ್ತದೆ. ಸಾಲದ್ದಕ್ಕೆ ಆಕ್ಸಾಲಿಕ್ ಆಸಿಡ್ ವಿಷ ಕೂಡ.

ಇದಕ್ಕಿಂತ ಮೃದುವಾದ ದಾರಿಯನ್ನು ಕೆನಡಾದ ರಾಬರ್ಟ್ ವಾಲರ್ 1980ರಲ್ಲಿ ಖನಿಜಗಳಿಗಾಗಿ ಪ್ರಕಟಿಸಿದರು. ಅದರಲ್ಲಿ ಮೂರು ವಸ್ತುಗಳಿವೆ, ಮೂರಕ್ಕೂ ಬೇರೆ ಬೇರೆ ಕೆಲಸ. ತುಕ್ಕಿನಲ್ಲಿರುವ ಕಬ್ಬಿಣ ನೀರಿಗೆ ಕರಗದ ರೂಪದಲ್ಲಿರುತ್ತದೆ. ಸೋಡಿಯಂ ಡೈಥಯೊನೈಟ್ ಅದಕ್ಕೆ ಎಲೆಕ್ಟ್ರಾನ್ ಕೊಟ್ಟು ಕರಗುವ ರೂಪಕ್ಕೆ ತರುತ್ತದೆ. ಕರಗಿದ ಕಬ್ಬಿಣ ಮತ್ತೆ ಕೂರದಂತೆ ಸೋಡಿಯಂ ಸಿಟ್ರೇಟ್ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ದ್ರಾವಣ ಹುಳಿಯಾಗದಂತೆ ಅಡುಗೆ ಸೋಡಾ ನೋಡಿಕೊಳ್ಳುತ್ತದೆ. ಹುಳಿಯಾಗದ ಕಾರಣ ಕ್ಯಾಲ್ಸೈಟ್‌ಗೆ ಅಪಾಯ ಕಡಿಮೆ. ಪೂರ್ತಿ ಇಲ್ಲ ಅಂತಲ್ಲ, ಸಿಟ್ರೇಟ್ ಕ್ಯಾಲ್ಸಿಯಂ ಮೇಲೂ ಸ್ವಲ್ಪ ಕೈ ಹಾಕುತ್ತದೆ. ಅದಕ್ಕೇ ಮುಖ್ಯವಲ್ಲದ ಚೂರಿನ ಮೇಲೆ ಮೊದಲು ನೋಡಬೇಕು. ಡೈಥಯೊನೈಟ್ ಪುಡಿ ತೇವ ತಾಗಿದರೆ ಬಿಸಿಯಾಗಿ ಹೊತ್ತಿಕೊಳ್ಳಬಹುದು. ದ್ರಾವಣ ಹಳತಾದಂತೆ ಸುಟ್ಟ ಬೆಂಕಿಕಡ್ಡಿಯ ಘಾಟು ಬರುತ್ತದೆ. ಗಾಳಿಯಾಡುವ ಜಾಗ ಬೇಕೇ ಬೇಕು.

ಇದು ತೆಳು ಕಲೆಗೆ ಮಾತ್ರ. ಬೆರಳು ದಪ್ಪದ ಕಬ್ಬಿಣದ ಹಕ್ಕಳೆಯನ್ನು ಇದರಲ್ಲಿ ನೆನೆಹಾಕಿ ಕಾಯುವುದು ವ್ಯರ್ಥ. ಇನ್ನೊಂದು ವಿಷಯ, ಕೆಲವು ಪಳೆಯುಳಿಕೆಗಳು ಕಲ್ಲಿನಿಂದ ಬೇರೆಯಾಗಿ ಕಣ್ಣಿಗೆ ಕಾಣುವುದೇ ಆ ಕೆಂಪು ಬಣ್ಣದಿಂದ. ಮಸುಕು ಕಲ್ಲಿನ ಮೇಲಿನ ಕಂದು ಎಲೆಯಲ್ಲಿ ಬಣ್ಣ ತೆಗೆದರೆ ಎಲೆಯೇ ಮಾಯ.

ಪೈರೈಟ್‌ಗೆ ನೀರೇ ಶತ್ರು

ಪೈರೈಟ್ ಕಬ್ಬಿಣ ಮತ್ತು ಗಂಧಕದ ಖನಿಜ. ಗಾಳಿಯಲ್ಲಿನ ಆಮ್ಲಜನಕ ಮತ್ತು ತೇವ ತಾಗಿದರೆ ಅದು ಕೊಳೆಯತೊಡಗುತ್ತದೆ. ಆಗ ಕಬ್ಬಿಣದ ಸಲ್ಫೇಟ್ ಹುಟ್ಟುತ್ತದೆ, ಜತೆಗೆ ಗಂಧಕಾಮ್ಲವೂ. ಬಿಳಿ ಅಥವಾ ಹಳದಿ ಬೂಷ್ಟಿನಂಥ ಪುಡಿ, ಗಂಧಕದ ವಾಸನೆ, ಸುಟ್ಟಂತಾದ ಲೇಬಲ್ ಇವೆಲ್ಲ ಅದರ ಲಕ್ಷಣ. ಹೊಸಬರು ಇದನ್ನು ಕೊಳೆ ಅಂದುಕೊಂಡು ತೊಳೆದುಬಿಡುತ್ತಾರೆ. ತೊಳೆದಷ್ಟೂ ಜಾಸ್ತಿಯಾಗುತ್ತದೆ. ಇಲ್ಲಿ ಒಣ ಬ್ರಷ್ ಬಿಟ್ಟರೆ ಬೇರೇನೂ ಬೇಡ. ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಮುಚ್ಚಿದ ಡಬ್ಬಿಯಲ್ಲಿಡಿ, ಉಳಿದವುಗಳಿಂದ ದೂರ ಇಡಿ.

ಸಿಲಿಕಾ ಪದರದ ವಿಷಯ ಎರಡೇ ಮಾತಿನಲ್ಲಿ ಮುಗಿಸುತ್ತೇನೆ. ಅದನ್ನು ಸರಿಯಾಗಿ ಕರಗಿಸುವುದು ಹೈಡ್ರೋಫ್ಲೋರಿಕ್ ಆಸಿಡ್. ಅದು ಚರ್ಮದ ಮೂಲಕ ಒಳಗಿಳಿದು ದೇಹದ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ. ಮೊದಲು ನೋವೇ ಗೊತ್ತಾಗದಿರಬಹುದು, ಆಮೇಲೆ ಹೃದಯದ ಬಡಿತವೇ ತಪ್ಪಬಹುದು. ವಿಶೇಷ ಲ್ಯಾಬ್‌ಗಳಲ್ಲಿ ಕಲ್ಲಿನಿಂದ ಪರಾಗ ಬೇರ್ಪಡಿಸಲು ಬಳಸುತ್ತಾರೆ. ಮನೆಯಲ್ಲಿ ಅದರ ಯೋಚನೆಯೂ ಬೇಡ.

ಕೈಕೆಲಸ

ಹಾಗಾದರೆ ನನ್ನ ಚಿಪ್ಪಿನಂತೆ ಮೇಲೂ ಕ್ಯಾಲ್ಸೈಟ್, ಕೆಳಗೂ ಕ್ಯಾಲ್ಸೈಟ್ ಇದ್ದರೆ? ರಸಾಯನ ಕೈಬಿಟ್ಟಿತು. ಆದರೆ ಇನ್ನೊಂದು ವ್ಯತ್ಯಾಸ ಉಳಿದಿರುತ್ತದೆ. ಎರಡರ ನಡುವೆ ಹೆಚ್ಚಾಗಿ ಒಂದು ದುರ್ಬಲ ಗಡಿ ಇರುತ್ತದೆ, ಒಂದು ಕಾಲಕ್ಕೆ ಚಿಪ್ಪಿನ ಹೊರಮೈ ಆಗಿದ್ದ ಗೆರೆ. ಕಲ್ಲು ಅಲ್ಲಿಂದ ಕಳಚಲು ಸಿದ್ಧವಾಗಿರುತ್ತದೆ. ಸೂಜಿಯಿಂದ ಉಜ್ಜಿ ಉಜ್ಜಿ ಕೆಳಗೆ ಇಳಿಯುವುದಲ್ಲ. ಚಿಪ್ಪಿನ ಮೇಲ್ಮೈಯಿಂದ ಒಂದೆರಡು ಮಿಲಿಮೀಟರ್ ದೂರದಲ್ಲೇ ಕಲ್ಲನ್ನು ಒತ್ತಿ, ಅದು ತಾನಾಗೇ ಟಪ್ಪನೆ ಎದ್ದು ಬರುವಂತೆ ಮಾಡುವುದು. ಮೊದಲ ಸಲ ಹೀಗೆ ಒಂದು ಚಕ್ಕೆ ಹಾರಿ ಕೆಳಗೆ ನುಣುಪಾದ ಮೈ ಕಂಡಾಗ ಆಗುವ ಖುಷಿ ಹೇಳತೀರದು.

ವೃತ್ತಿಯವರು ಏರ್ ಸ್ಕ್ರೈಬ್ ಬಳಸುತ್ತಾರೆ. ಪೆನ್ನಿನಷ್ಟು ದಪ್ಪದ, ಗಾಳಿಯ ಒತ್ತಡದಲ್ಲಿ ಓಡುವ ಪುಟ್ಟ ಸುತ್ತಿಗೆ ಅದು. ಟಂಗ್‌ಸ್ಟನ್ ಕಾರ್ಬೈಡ್ ಮೊನೆ ನಿಮಿಷಕ್ಕೆ ಸಾವಿರಾರು ಸಲ ಬಡಿಯುತ್ತದೆ. ಕೊನೆಯ ತೆಳು ಪದರಕ್ಕೆ ಗಾಳಿಯಲ್ಲಿ ಪುಡಿ ಎರಚುವ ಯಂತ್ರ ಇದೆ. ಅಲ್ಲೂ ಗಟ್ಟಿತನದ ಲೆಕ್ಕವೇ. ಅಡುಗೆ ಸೋಡಾ ಪುಡಿಯ ಗಟ್ಟಿತನ ಸುಮಾರು 2.5, ಹಾಗಾಗಿ 3 ಇರುವ ಕ್ಯಾಲ್ಸೈಟ್ ಚಿಪ್ಪಿಗೆ ಅಷ್ಟಾಗಿ ಪೆಟ್ಟಾಗುವುದಿಲ್ಲ, ಮೇಲಿನ ಜೇಡಿ ಹೋಗುತ್ತದೆ. ಡಾಲಮೈಟ್ ಪುಡಿ 3.5ರಿಂದ 4, ಅದಕ್ಕೆ ಕೈ ಹಗುರ ಇರಬೇಕು. ಅಲ್ಯೂಮಿನಿಯಂ ಆಕ್ಸೈಡ್ 9, ಅದರ ಮುಂದೆ ಯಾವ ಪಳೆಯುಳಿಕೆಯೂ ಉಳಿಯದು.

ಯಂತ್ರ ಇದ್ದರೂ ಹೊತ್ತು ಬೇಕು. ಕೆನಡಾದ ಅಲ್ಬರ್ಟಾದ ಗಣಿಯೊಂದರಲ್ಲಿ 2011ರಲ್ಲಿ ಚರ್ಮದ ಕವಚದ ಸಮೇತ ಒಂದು ಡೈನೋಸಾರ್ ಸಿಕ್ಕಿತು. ರಾಯಲ್ ಟೈರೆಲ್ ಮ್ಯೂಸಿಯಂನ ಮಾರ್ಕ್ ಮಿಚೆಲ್ ಅದರ ಮೇಲಿನ ಕಲ್ಲು ಬಿಡಿಸಲು 7,000 ಗಂಟೆ ಕೂತರು, ಐದು ವರ್ಷಕ್ಕೂ ಜಾಸ್ತಿ. 2017ರಲ್ಲಿ ಆ ಪ್ರಾಣಿಗೆ ಬೋರಿಯಲೊಪೆಲ್ಟಾ ಮಾರ್ಕ್‌ಮಿಚೆಲ್ಲಿ ಎಂದು ಹೆಸರಾಯಿತು. ಹುಡುಕಿದವರ ಹೆಸರಿಡುವುದು ಮಾಮೂಲು. ಬಿಡಿಸಿದವರ ಹೆಸರಿಟ್ಟಿದ್ದು ನನಗೆ ತುಂಬ ಹಿಡಿಸಿತು.

ಈ ಕೆಲಸಕ್ಕೆ ಮುಖಕ್ಕೆ ಸರಿಯಾದ ಮಾಸ್ಕ್ ಬೇಕು, ಬಟ್ಟೆಯದಲ್ಲ, ಸಣ್ಣ ಧೂಳು ತಡೆಯುವಂಥದ್ದು. ಕಲ್ಲಿನ ಧೂಳಿನ ಸಿಲಿಕಾ ಶ್ವಾಸಕೋಶಕ್ಕೆ ಸೇರಿದರೆ ಹೊರಗೆ ಬರುವುದಿಲ್ಲ, ಅಲ್ಲೇ ಗಾಯ ಮಾಡುತ್ತದೆ. ಕಣ್ಣಿಗೆ ಕನ್ನಡಕ. ಆಸಿಡ್ ಕೆಲಸದಲ್ಲಿ ಕೈಗವಸು. ನೀರಿಗೆ ಆಸಿಡ್ ಸುರಿಯಬೇಕು, ಆಸಿಡ್‌ಗೆ ನೀರನ್ನಲ್ಲ.

ಎಲ್ಲಿಗೆ ನಿಲ್ಲಿಸಬೇಕು ಅನ್ನುವುದು ಕಷ್ಟದ ಪ್ರಶ್ನೆ. ಪೂರ್ತಿ ಬಿಳಿಯಾಗಿ, ಹೊಳೆಯುವ ಹಾಗೆ ಮಾಡುವ ಚಪಲ ಎಲ್ಲರಿಗೂ ಇರುತ್ತದೆ. ಒಂದು ಚುಕ್ಕೆ ಉಳಿಯಿತೆಂದು ಚಿಪ್ಪಿನ ಗೆರೆಗಳನ್ನೇ ಕೆರೆದು ಹಾಕುವುದು ನೆಗಡಿ ಬಂತೂಂತ ಮೂಗು ಕೊಯ್ದುಕೊಂಡ ಹಾಗೆ. ಸುತ್ತಲಿನ ಕಲ್ಲಿನಲ್ಲೂ ವಿಷಯ ಇರುತ್ತದೆ. ಪರಾಗ, ಸೂಕ್ಷ್ಮಜೀವಿಗಳ ಚಿಪ್ಪು, ಕಾಲ ಹೇಳುವ ಹರಳು. ಈಗ ಸಿಟಿ ಸ್ಕ್ಯಾನ್ ಬಂದ ಮೇಲೆ ಮ್ಯೂಸಿಯಂಗಳಲ್ಲಿ ಕೆಲವನ್ನು ಕಲ್ಲಿನೊಳಗೇ ಬಿಟ್ಟು ಚಿತ್ರ ಮಾತ್ರ ತೆಗೆದುಕೊಳ್ಳುತ್ತಾರೆ. ಉದುರಿದ ಚೂರುಗಳನ್ನು ಒಂದು ಪೊಟ್ಟಣಕ್ಕೆ ಹಾಕಿ, ಯಾವುದರಿಂದ ಉದುರಿದ್ದು, ಏನು ಬಳಸಿದ್ದು ಅಂತ ಬರೆದಿಡಿ. ಅಂಟು ಹಾಕಿದ್ದರೆ ಅದರ ಹೆಸರೂ ಇರಲಿ. ಮುಂದೆ ಯಾರಾದರೂ ಅದನ್ನು ಬಿಡಿಸಬೇಕಾಗಬಹುದು.

ಬಾಟಲಿಯ ಪಕ್ಕದಲ್ಲಿ ಈಗ ಇನ್ನೊಂದು ಚಿಪ್ಪು ಕೂತಿದೆ, ಅದೇ ಬಿಳಿ ಹಕ್ಕಳೆ ಹೊತ್ತು. ಭೂತಗನ್ನಡಿ ಕೆಳಗಿಟ್ಟು ಸಂಜೆ ಹೊತ್ತು ಸೂಜಿ ಹಿಡಿಯುತ್ತೇನೆ. ಒಂದು ಸಂಜೆಗೆ ಅಕ್ಕಿಕಾಳಿನಷ್ಟು ಜಾಗ ತೆರೆದುಕೊಂಡರೆ ಹೆಚ್ಚು. ಮೊನ್ನೆ ನಾಲ್ಕನೇ ಏಣು ಕಂಡಿತು. ಐದನೆಯದರ ಮೇಲೆ ಹಕ್ಕಳೆ ಚಿಪ್ಪಿಗೇ ಬೆಸೆದುಕೊಂಡಿದೆ, ನಡುವೆ ಗೆರೆಯೇ ಕಾಣುತ್ತಿಲ್ಲ. ಅದನ್ನು ಹಾಗೇ ಬಿಟ್ಟು ಆರನೆಯದಕ್ಕೆ ಹೋಗಿದ್ದೇನೆ.